ಕೃಷಿ ಭಾಗ್ಯದ ಹೊಂಡ: ರಾಗಿ ಹೊಲಕ್ಕೆ ನಿಜಕ್ಕೂ ಎಷ್ಟು ನೀರು?

ಕೃಷಿ ಭಾಗ್ಯ ಯೋಜನೆಯಲ್ಲಿ ಹೊಲದಲ್ಲಿ ತೋಡುವ ಮಳೆನೀರಿನ ಹೊಂಡಕ್ಕೆ ನನ್ನ ಅಂಕ: ಐದಕ್ಕೆ ನಾಲ್ಕು. ಹೊಂಡ ತೋಡಿದರೆ ಹೊಲ ನೀರಾವರಿ ಆಯಿತು ಎಂದುಕೊಂಡವರು ಎರಡೂ ಕೊಡಲಾರರು. ತೆನೆ ಹೊಮ್ಮುವ ಹೊತ್ತಿಗೆ ಉತ್ತರೆ ಮಳೆ ಕೈಕೊಟ್ಟರೆ ರಾಗಿಯ ಜೀವ ಉಳಿಸಲು ಒಂದೆರಡು ನೀರು, ಅಷ್ಟೇ ಇದರ ಕೆಲಸ.

2014-15ರಲ್ಲಿ ಶುರುವಾದ ರಾಜ್ಯ ಸರ್ಕಾರದ ಈ ಯೋಜನೆ ನಡುವೆ ನಿಂತು, 2023-24ರಲ್ಲಿ 24 ಜಿಲ್ಲೆಗಳ 106 ತಾಲ್ಲೂಕುಗಳಲ್ಲಿ ಮತ್ತೆ ಬಂತು. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ.

ಅಳತೆಯಲ್ಲೇ ಹಲವರು ಮೋಸ ಹೋಗುತ್ತಾರೆ. 12×12×3 ಮೀಟರ್ ಎಂದು ಬರೆದಿದ್ದರೂ ಬದಿಗಳನ್ನು 1:1 ಇಳಿಜಾರಿಗೆ ತೆಗೆದಾಗ ತಳ 6×6ಕ್ಕೆ ಇಳಿಯುತ್ತದೆ. ಹಿಡಿಯುವುದು ಸುಮಾರು 2.5 ಲಕ್ಷ ಲೀಟರ್. ಎಕರೆಗೆ ಒಂದು ಅಂಗುಲ ನೀರು ಹಾಯಿಸಲು ಒಂದು ಲಕ್ಷ ಲೀಟರ್ ಬೇಕು. ಆವಿಯಾಗುವುದನ್ನು ಕಳೆದರೆ ಎಕರೆಗೆ ಎರಡು ಸಲ, ಅದೂ ತುಂತುರಿನಲ್ಲಿ. 21×21 ಹೊಂಡ 9.8 ಲಕ್ಷ ಲೀಟರ್ ಹಿಡಿಯುತ್ತದೆ. ಜಾಗವಿದ್ದು, ಮೇಲಿನ ಹೊಲದಿಂದ ಅಷ್ಟು ನೀರು ಹರಿದು ಬರುವಂತಿದ್ದರೆ ದೊಡ್ಡದನ್ನೇ ಕೇಳಿ.

ಎರೆ ಮಣ್ಣಿಗೆ ಹೊದಿಕೆ ಬೇಡ, ಬದಿ ಕುಸಿಯದಂತೆ ಇಳಿಜಾರು ಇನ್ನಷ್ಟು ಓರೆಯಾಗಿದ್ದರೆ ಸಾಕು. ಕೆಂಪು ಮಣ್ಣಿಗೆ 500 ಮೈಕ್ರಾನ್ ಪಾಲಿಥಿನ್ ಹಾಳೆ ಇಲ್ಲದಿದ್ದರೆ ವಾರದಲ್ಲಿ ತಳ ಕಾಣುತ್ತದೆ. 12 ಮೀಟರ್ ಹೊಂಡಕ್ಕೆ ತಳ, ಎರಡು ಇಳಿಜಾರು, ಅಂಚಿನ ಚರಂಡಿಯಲ್ಲಿ ಹೂಳಲು ಒಂದೊಂದು ಮೀಟರ್ ಸೇರಿ 16.5 ಮೀಟರ್ ಚದರದ ಹಾಳೆ ಬೇಕು. ಕಡಿಮೆ ತಂದು ಎಳೆದು ಹಾಸಿದರೆ ಮೂಲೆಗಳು ಮಣ್ಣಿಗೆ ತಾಗದೆ ತೂಗುತ್ತವೆ, ನೀರಿನ ಭಾರಕ್ಕೆ ಅಲ್ಲೇ ಸೀಳುತ್ತವೆ. ಸುಡುಬಿಸಿಲಲ್ಲಿ ಬಿಗಿಯಾಗಿ ಹಾಸಿದ್ದು ರಾತ್ರಿಯ ತಂಪಿಗೆ ಕುಗ್ಗಿ ಅಂಚಿನಿಂದ ಕಿತ್ತು ಬರುತ್ತದೆ. ಬೆಳಿಗ್ಗೆಯೇ ಸಡಿಲವಾಗಿ ಹಾಸಿ. ಮೊದಲು ಕಲ್ಲು, ಬೇರು ಆರಿಸಿ ಎರಡು ಅಂಗುಲ ನುಣುಪು ಮಣ್ಣು ಹರಡಿ.

ಯಾರೂ ತಲೆ ಕೆಡಿಸಿಕೊಳ್ಳದ ಭಾಗ ಹೂಳು ಗುಂಡಿ. ನೀರು ಒಳಬರುವ ಬಾಯಿಗೆ ಎರಡು ಮೀಟರ್ ಮೊದಲೇ ಒಂದು ಮೀಟರ್ ಆಳದ ಗುಂಡಿ, ಬಾಯಿಗೆ ಕಲ್ಲು ಹಾಸು. ಇದಿಲ್ಲದಿದ್ದರೆ ಮೂರ್ನಾಲ್ಕು ಮಳೆಗಾಲಕ್ಕೆ ತಳದ ಒಂದಡಿ ಹೂಳೇ. ಹಾಳೆ ಹಾಸಿದ ಹೊಂಡಕ್ಕೆ ಜೆಸಿಬಿ ಇಳಿಸುವಂತಿಲ್ಲ, ಬುಟ್ಟಿಯಲ್ಲೇ ಹೊರಬೇಕು.

ತಂತಿ ಬೇಲಿಗೆ ಸಾಮಾನ್ಯ ವರ್ಗಕ್ಕೆ ಸಹಾಯಧನ ಶೇ 40 ಮಾತ್ರ, ಹಾಗಾಗಿ ಮುಂದೂಡುವವರೇ ಹೆಚ್ಚು. ಮುಂದೂಡಬೇಡಿ. ಒದ್ದೆ ಹಾಳೆಯ ಮೇಲೆ ಕಾಲು ನಿಲ್ಲದು, ಈಜು ಬಲ್ಲವರೂ ಮೇಲೇರಲಾರರು. ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟಿರಿ.

ಕಾಗದ ಪತ್ರ: ಎಫ್‌ಐಡಿಗೆ (ರೈತರ ನೋಂದಣಿ ಸಂಖ್ಯೆ) ಎಲ್ಲ ಸರ್ವೆ ನಂಬರ್ ಸೇರಿರಬೇಕು, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿರಬೇಕು. ಜಂಟಿ ಪಹಣಿ ಇದ್ದರೆ ಉಳಿದ ಖಾತೆದಾರರ ಒಪ್ಪಿಗೆ ಮೊದಲೇ ಬರೆಸಿಕೊಳ್ಳಿ. ಕಾರ್ಯಾದೇಶ ಕೈಗೆ ಬರುವ ಮೊದಲು ಗುದ್ದಲಿ ಹಾಕಬೇಡಿ.

ಪಂಪಿನ ಫುಟ್‌ವಾಲ್ವ್ (ನೀರು ಹೀರುವ ಪೈಪಿನ ತುದಿಯ ಕವಾಟ) ತಳದಲ್ಲಿ ಕೂತರೆ ಹಾಳೆಯನ್ನೇ ಹೀರಿ ಹರಿದು ಹಾಕುತ್ತದೆ. ಖಾಲಿ ಕ್ಯಾನಿಗೆ ಕಟ್ಟಿ, ನೀರಿನ ಮೇಲ್ಮೈಯಿಂದ ಒಂದಡಿ ಕೆಳಗೆ ತೇಲಿಬಿಡಿ.