ಚಿತ್ರದುರ್ಗದ ಹತ್ತಿರದ ಚಂದ್ರವಳ್ಳಿಯ ರೋಮನ್ ಚಿನ್ನ ಅಂತ ಯಾರಾದರೂ ಬಂದರೆ ದುಡ್ಡು ಕೊಡಬೇಡಿ

ಪಾಯ ತೋಡುವಾಗ ನಿಧಿ ಸಿಕ್ಕಿತು ಎಂದು ಹಿತ್ತಾಳೆ ಬಿಲ್ಲೆ ಮಾರುವ ಹಳೇ ಮೋಸ ಎಲ್ಲರಿಗೂ ಗೊತ್ತು. ನಮ್ಮ ಚಿಕ್ಕಪ್ಪನಿಗೆ ಆದದ್ದು ಅದಲ್ಲ. ಇತಿಹಾಸ ಓದಿಕೊಂಡವರನ್ನೇ ಹುಡುಕಿಕೊಂಡು ಬರುವ ಮೋಸ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಚಿಕ್ಕಪ್ಪ ನಿವೃತ್ತ ಮೇಷ್ಟ್ರು. ನಾಣ್ಯ ಮೇಳದಲ್ಲಿ ಪರಿಚಯವಾದವನೊಬ್ಬ ಆಮೇಲೆ ಮನೆಗೇ ಬಂದು ರೋಮಿನ ಚಕ್ರವರ್ತಿ ಟೈಬೀರಿಯಸ್‌ನ ಔರಿಯಸ್ ಎಂಬ ಚಿನ್ನದ ನಾಣ್ಯ ತೋರಿಸಿದ. ಒಂದು ಬದಿ ದೊರೆಯ ತಲೆ, ಇನ್ನೊಂದು ಬದಿ ಪೀಠದ ಮೇಲೆ ಕೂತ ಹೆಂಗಸು. ದೊರೆಯ ಕೆನ್ನೆಗೆ ಉಳಿಯಿಂದ ಕಡಿದಂಥ ಗಾಯ. "ಚಂದ್ರವಳ್ಳಿ ಹತ್ರ ಹೊಲ ಉಳುವಾಗ ಸಿಕ್ಕಿದ್ದು ಸಾರ್, ಯಾರಿಗೂ ಹೇಳ್ಬೇಡಿ, ನಿಮ್ಮಂಥೋರ ಕೈಲಿದ್ರೆ ಉಳಿಯುತ್ತೆ" ಅಂದನಂತೆ. ನಿವೃತ್ತಿಯ ದುಡ್ಡಿನಲ್ಲಿ ಲಕ್ಷಗಟ್ಟಲೆ ಹೋಯಿತು.

ಕತೆ ಹೆಣೆದವನು ಸಾಕಷ್ಟು ತಿಳಿದವನೇ. ಮೆಣಸು, ಮುತ್ತು, ನವಿರು ಬಟ್ಟೆಗಾಗಿ ರೋಮಿನ ಚಿನ್ನ, ಬೆಳ್ಳಿ ದಕ್ಷಿಣ ಭಾರತಕ್ಕೆ ಹರಿದು ಬಂದದ್ದು ನಿಜ. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ಎಳೆದುಕೊಳ್ಳುತ್ತಿದೆ ಎಂದು ರೋಮಿನ ಲೇಖಕ ಪ್ಲಿನಿ ಆಗಲೇ ಗೊಣಗಿದ್ದ. 1898ರಲ್ಲಿ ಪುದುಕೋಟೆ ಸೀಮೆಯಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿಗೆ ಇಂಥದೇ ಕಡಿತದ ಗುರುತಿದೆ. ಆದ್ದರಿಂದ ಗಾಯ ಕಂಡರೆ ಬಲ್ಲವರಿಗೆ ಅನುಮಾನದ ಬದಲು ನಂಬಿಕೆಯೇ ಹೆಚ್ಚುತ್ತದೆ. ಆದರೆ ಚಂದ್ರವಳ್ಳಿಯ ಹೆಸರಿಗೆ ಅಂಟಿಕೊಂಡಿರುವುದು ದಿನೇರಿಯಸ್ ಎಂಬ ಬೆಳ್ಳಿ ನಾಣ್ಯಗಳು. ಹಾವೇರಿ ಕಡೆಯ ಅಕ್ಕಿ ಆಲೂರಿನಲ್ಲಿ ಚಿನ್ನದವು ಸಿಕ್ಕಿವೆ ನಿಜ, ಅವು ಟೈಬೀರಿಯಸ್‌ಗಿಂತ ಎಷ್ಟೋ ಈಚಿನವು.

ಅನುಮಾನ ಬಂದದ್ದು ಚಿಕ್ಕಮ್ಮನಿಗೆ. ನಾಣ್ಯವನ್ನು ನನ್ನ ಕೈಗಿಟ್ಟು ಪರೀಕ್ಷೆ ಮಾಡಿಸು ಅಂದರು. ಚಿನ್ನ ಪರೀಕ್ಷಿಸುವ ಅಂಗಡಿಯ ಯಂತ್ರ ತೋರಿಸಿದ್ದು ಶೇ. 91.6 ಚಿನ್ನ, ಉಳಿದದ್ದರಲ್ಲಿ ಹೆಚ್ಚಿನಂಶ ತಾಮ್ರ. ಟೈಬೀರಿಯಸ್ ಕಾಲದ ಔರಿಯಸ್ ಹೆಚ್ಚುಕಡಿಮೆ ಅಪ್ಪಟ ಚಿನ್ನ. 91.6 ಅಂದರೆ ಇವತ್ತಿನ ಬಳೆ, ಸರದ ಚಿನ್ನ! ತೂಕ 7 ಗ್ರಾಂ ಕೂಡ ಮುಟ್ಟಲಿಲ್ಲ, ಅಸಲಿಯಾದರೆ 7.7ರ ಆಸುಪಾಸು ಇರಬೇಕು. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ತೂಕ ಇಳಿಸಿದ ಮೇಲೂ 7.3ರ ಹತ್ತಿರ ಇರುತ್ತಿತ್ತು.

ಭೂತಗನ್ನಡಿಯಲ್ಲಿ ನೋಡಿದಾಗ ಇನ್ನೂ ಸ್ಪಷ್ಟವಾಯಿತು. ಅಚ್ಚೊತ್ತಿದ ನಾಣ್ಯದಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ. ಇದರಲ್ಲಿ ಅಂಚು ಕರಗಿದ ಹಾಗಿತ್ತು, ಅಕ್ಷರಗಳ ಬುಡದಲ್ಲಿ ಸಣ್ಣ ಸಣ್ಣ ಗುಳಿಗಳು. ಗಾಯದ ಒಳಗೂ ಅವೇ ಗುಳಿಗಳು. ಉಳಿಯಿಂದ ಕಡಿದಿದ್ದರೆ ಲೋಹ ಪಕ್ಕಕ್ಕೆ ಎದ್ದಿರಬೇಕಿತ್ತು, ಕೊಯ್ದ ಜಾಗ ನಯವಾಗಿರಬೇಕಿತ್ತು. ಅಂದರೆ ಗಾಯವೂ ಸೇರಿ ಎಲ್ಲವೂ ಎರಕ. ಆಮೇಲೆ ಇನ್ನೊಬ್ಬ ಸಂಗ್ರಾಹಕರು ತಮಗೆ ಬಂದಿದ್ದ ನಾಣ್ಯದ ಫೋಟೊ ತೋರಿಸಿದರು. ಅದೇ ಕೆನ್ನೆ, ಅದೇ ಗಾಯ, ಅದೇ ಓರೆ.

ನನಗೆ ಹೆಚ್ಚು ಸಿಟ್ಟು ಬರಿಸಿದ್ದು "ಯಾರಿಗೂ ಹೇಳ್ಬೇಡಿ" ಅನ್ನುವ ಆ ಮಾತು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು. ನೂರು ವರ್ಷ ದಾಟಿದ ನಾಣ್ಯದ ವ್ಯಾಪಾರಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಅವನ ಕತೆ ನಿಜವಾದರೆ ನಾಣ್ಯ ಕಾನೂನಿಗೆ ಸಿಕ್ಕಿಬೀಳುತ್ತದೆ, ಸುಳ್ಳಾದರೆ ನಾಣ್ಯವೇ ಖೋಟಾ. ಎರಡರಲ್ಲೂ ಕೊಂಡವರ ಬಾಯಿ ಕಟ್ಟುತ್ತದೆ. ಪೊಲೀಸರು ತನ್ನನ್ನೇ ಕೇಳಿದರೆ ಎಂದು ಚಿಕ್ಕಪ್ಪ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕೂತಿದ್ದರು. ಕೊನೆಗೆ ವಕೀಲರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ದೂರು ಕೊಟ್ಟೆವು. ಅವನ ಫೋನು ಸ್ವಿಚ್ ಆಫ್, ದುಡ್ಡು ಬಂದಿಲ್ಲ.

ಪರವಾನಗಿ ಸಂಖ್ಯೆ, ರಸೀದಿ, ಹಿಂದೆ ಯಾರ ಸಂಗ್ರಹದಲ್ಲಿತ್ತು ಎಂಬ ಕಾಗದ ಇಷ್ಟನ್ನು ಮೊದಲೇ ಕೇಳಿ. ಕಾಗದವನ್ನೂ ಪರಿಶೀಲಿಸಿ. ಸೀಸರನ ಹತ್ಯೆಯ ನೆನಪಿಗೆ ಬ್ರೂಟಸ್ ಹೊರಡಿಸಿದ ಔರಿಯಸ್ಸೊಂದು 2020ರಲ್ಲಿ ಲಂಡನ್‌ನಲ್ಲಿ ಸುಮಾರು 32 ಲಕ್ಷ ಪೌಂಡಿಗೆ ಹರಾಜಾಗಿ, ಅದರ ಹಿನ್ನೆಲೆಯ ಕಾಗದ ಸುಳ್ಳೆಂದು ಬಯಲಾಗಿ 2023ರಲ್ಲಿ ಗ್ರೀಸಿಗೆ ವಾಪಸಾಯಿತು.

ಟೈಬೀರಿಯಸ್‌ನ ಕೆನ್ನೆಯಲ್ಲಿ ಕಿವಿಯ ಬುಡದಿಂದ ಗಲ್ಲದವರೆಗೆ ಓರೆಯಾಗಿ ಇಳಿದ ಗಾಯವಿರುವ ನಾಣ್ಯ ನಿಮ್ಮ ಮುಂದೆ ಬಂದರೆ, ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಂಡು ಠಾಣೆಗೆ ತಿಳಿಸಿ. ಅದೇ ಅಚ್ಚಿನವು ಇನ್ನೂ ಓಡಾಡುತ್ತಿವೆ.