ಅಕ್ಟೋಬರ್‌ನಲ್ಲಿ ಡಾ ನಾಂಗ್ ಪ್ಯಾಕೇಜ್ ಅಂದರೆ ಹಣ ಕಟ್ಟಬೇಡಿ

ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆಯವರು ದಯವಿಟ್ಟು ಇದನ್ನು ಓದಿ. ಈಗ ನಮ್ಮ ಕಡೆ ಯಾರ ಬಾಯಲ್ಲಿ ಕೇಳಿದರೂ ವಿಯೆಟ್ನಾಂ, ಅದರಲ್ಲೂ ಡಾ ನಾಂಗ್. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ, ರಾತ್ರಿಯಾದರೆ ದೀಪ, ಹಾಡು, ಕುಣಿತ. ಊರು ಚೆನ್ನಾಗಿದೆ, ಅದು ಸುಳ್ಳಲ್ಲ. ನಾವು ಹೋದ ತಿಂಗಳು ತಪ್ಪು. ಆ ತಪ್ಪಿಗೆ ಆರು ಜನಕ್ಕೆ ಸೇರಿ ನಾಲ್ಕೂವರೆ ಲಕ್ಷ ಹೋಯಿತು.

ಹಾಸನಾಂಬೆ ಬಾಗಿಲು ತೆರೆದರೆ ನಮ್ಮ ಬೀದಿಯವರಿಗೆ ಸ್ಕೂಟರ್ ಹೊರಗೆ ತೆಗೆಯುವುದೂ ಕಷ್ಟ, ಗೊತ್ತಲ್ವಾ. ಮನೆ ತುಂಬ ನೆಂಟರು ಬೇರೆ. ಬಾಗಿಲು ಮುಚ್ಚಿದ ಮೇಲೆ ನಾಲ್ಕು ದಿನ ಎಲ್ಲಾದರೂ ಹೋಗಿ ಬರೋಣ ಅಂತ ಯಜಮಾನರಿಗೆ ಹೇಳಿದ್ದು ನಾನೇ. ಸಕಲೇಶಪುರದ ನಾದಿನಿ ಮನೆಯವರೂ ಬರುತ್ತೇವೆ ಅಂದರು. ಅವರದು ಕಾಫಿ ತೋಟ. ಕೊಯ್ಲು ಶುರುವಾದರೆ ಫೆಬ್ರವರಿವರೆಗೆ ಕಾಲು ಹೊರಗಿಡುವ ಹಾಗಿಲ್ಲ. ಅಕ್ಟೋಬರ್ ಕೊನೆ ಎಲ್ಲರಿಗೂ ಸರಿಹೊಂದಿತು.

ಏಜೆಂಟ್ ಪರಿಚಯದವರೇ. ತಲೆಗೆ 72 ಸಾವಿರ, ಐದು ರಾತ್ರಿ, ಬೆಂಗಳೂರಿನಿಂದ ಕೌಲಾಲಂಪುರ, ಅಲ್ಲಿಂದ ಡಾ ನಾಂಗ್. ನಾನು ಕೇಳಿದ್ದೂ ಉಂಟು, ಮಳೆ ಇರಲ್ವಾ ಅಂತ.

"ಅಕ್ಕಾ, ದಸರಾ ಮುಗಿದ ಮೇಲೆ ಮಳೆ ಎಲ್ಲಿದೆ? ಈಗ್ಲೇ ಸೀಸನ್ ಶುರು. ಮಾರ್ಚ್‌ನಲ್ಲಿ ಇದೇ ಹೋಟೆಲ್ ಇನ್ನೂ ಜಾಸ್ತಿ ಆಗುತ್ತೆ, ಈಗ ಆಫರ್ ಇದೆ."

ಅವರು ಹೇಳಿದ್ದು ಹಾಸನದ ಮಳೆ. ನಾನು ತಲೆಯಾಡಿಸಿದ್ದೂ ಹಾಸನದ ಮಳೆಗೇ. ಮಾರ್ಚ್‌ನಲ್ಲಿ ಯಾಕೆ ಜಾಸ್ತಿ, ಈಗ ಯಾಕೆ ಕಮ್ಮಿ ಅಂತ ಕೇಳುವ ಬುದ್ಧಿ ಅವತ್ತು ಬರಲಿಲ್ಲ.

ಅಲ್ಲಿಗೆ ಇಳಿದದ್ದು ಶನಿವಾರ ರಾತ್ರಿ. ವಿಮಾನ ನಿಲ್ದಾಣದಿಂದ ಹೊರಗೆ ಬಂದ ಕೂಡಲೇ ಮಳೆ. ಪರವಾಗಿಲ್ಲ, ಮಲೆನಾಡಿನವರಿಗೆ ಇದೇನು ಹೊಸದಾ ಅಂತ ನಕ್ಕೆವು. ಬೆಳಿಗ್ಗೆ ಎದ್ದು ಮಿ ಖೇ ಬೀಚ್‌ಗೆ ಹೋದರೆ ಸಾಲಾಗಿ ಕೆಂಪು ಬಾವುಟ. ಫೋಟೋದಲ್ಲಿ ನೀಲಿ ಇದ್ದ ಸಮುದ್ರ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮಕ್ಕಳು ಪಾದ ನೆನೆಸಲು ಹೋದರೂ ಕಾವಲಿನವನು ಸೀಟಿ ಊದಿ ಹಿಂದಕ್ಕೆ ಕಳಿಸಿದ. ಅವನು ಮಾಡಿದ್ದು ಸರಿ. ಅಲೆ ನೋಡಿದರೆ ನನಗೇ ಎದೆ ನಡುಗುತ್ತಿತ್ತು.

ಅವತ್ತು ರಾತ್ರಿ ಹಾನ್ ನದಿಯ ಡ್ರ್ಯಾಗನ್ ಸೇತುವೆ ನೋಡಿದೆವು. ಇಡೀ ಪ್ರವಾಸದಲ್ಲಿ ಕೊಟ್ಟ ದುಡ್ಡಿಗೆ ಸಿಕ್ಕಿದ್ದು ಅದೊಂದೇ, ಅದೂ ಪುಕ್ಕಟೆ ನೋಟ. 2013ರಲ್ಲಿ ಕಟ್ಟಿ ಮುಗಿಸಿದ ಸೇತುವೆ, 666 ಮೀಟರ್ ಉದ್ದ. ವಾರದ ಕೊನೆಯಲ್ಲಿ ರಾತ್ರಿ ಒಂಬತ್ತಕ್ಕೆ ಡ್ರ್ಯಾಗನ್ ಬಾಯಿಂದ ಬೆಂಕಿ ಉಗುಳುತ್ತದೆ, ಆಮೇಲೆ ನೀರು. ನೀರು ಬಂದಾಗ ಸುತ್ತಲಿದ್ದವರೆಲ್ಲ ಕಿರುಚಿಕೊಂಡು ಓಡಿದರು. ನಾವು ಓಡಲಿಲ್ಲ. ಆಗಲೇ ಪೂರ್ತಿ ನೆನೆದಿದ್ದೆವು.

ಅಲ್ಲೇ ನನಗೆ ಇನ್ನೊಂದು ಪಾಠ ಆಯಿತು. ತೆಳು ಪ್ಲಾಸ್ಟಿಕ್ ರೈನ್‌ಕೋಟ್ ಒಂದಕ್ಕೆ 20,000 ಡಾಂಗ್, ಅಂದರೆ ನಮ್ಮ ಅರವತ್ತೈದು ರೂಪಾಯಿ ಆಸುಪಾಸು. ಕತ್ತಲು, ಮಳೆ, ಕೈಯಲ್ಲಿ ಮಗಳು. ನೀಲಿ ನೋಟು ಕೊಟ್ಟು ಬಂದೆ. ರೂಮಿಗೆ ಬಂದು ಲೆಕ್ಕ ಹಾಕಿದಾಗ ತಿಳಿಯಿತು, ಕೊಟ್ಟದ್ದು 5,00,000ದ ನೋಟು. ಸಾವಿರದ ಆರುನೂರು ರೂಪಾಯಿಗೆ ಒಂದು ಪ್ಲಾಸ್ಟಿಕ್ ಚೀಲ! ಎರಡೂ ನೀಲಿ, ಎರಡರ ಮೇಲೂ ಹೋ ಚಿ ಮಿನ್ ಮುಖವೇ. ಹೋಗುವವರು ಐದು ಲಕ್ಷದ ನೋಟನ್ನು ಬೇರೆ ಪರ್ಸಿನಲ್ಲಿ ಇಡಿ. ಸೊನ್ನೆ ಎಣಿಸದೆ ಕೊಡಬೇಡಿ.

ಸೋಮವಾರ ಬಾ ನಾ ಹಿಲ್ಸ್. ಎರಡು ದೊಡ್ಡ ಕೈಗಳು ಎತ್ತಿ ಹಿಡಿದ ಚಿನ್ನದ ಬಣ್ಣದ ಸೇತುವೆ ಇದೆಯಲ್ಲ, 2018ರಲ್ಲಿ ತೆರೆದದ್ದು, ಎಲ್ಲರ ಫೋಟೋದಲ್ಲೂ ಕಾಣುವುದು, ಅದು ಇರುವುದು ಇಲ್ಲಿಯೇ. ಕೇಬಲ್ ಕಾರಿನ ಟಿಕೆಟ್ ಸೇರಿ ಒಬ್ಬರಿಗೆ ಸುಮಾರು ಮೂರು ಸಾವಿರ ರೂಪಾಯಿ ಆಗುತ್ತದೆ. ಮೇಲೆ ಹೋದೆವು. ಸೇತುವೆ ಮೇಲೆ ನಿಂತೆವು. ಕೈ ಕಾಣಲಿಲ್ಲ. ನಾದಿನಿಯ ಮಗ "ಅತ್ತೆ, ಕೈ ಎಲ್ಲಿದೆ?" ಅಂತ ಮೂರು ಸಲ ಕೇಳಿದ. ನಿಂತಿದ್ದ ಜಾಗ ಬಿಟ್ಟರೆ ಸುತ್ತ ಬರೀ ಮಂಜು. ಮಂಜು ನೋಡುವುದಾದರೆ ಮುಳ್ಳಯ್ಯನಗಿರಿ ಇತ್ತಲ್ಲ, 1,930 ಮೀಟರ್. ಬಾ ನಾ ಅದಕ್ಕಿಂತ ಕುಳ್ಳು. ಮಧ್ಯಾಹ್ನ ಗಾಳಿ ಜೋರಾಗಿ ಕೇಬಲ್ ಕಾರು ನಿಲ್ಲಿಸಿದರು. ಎರಡು ಗಂಟೆ ಮೇಲೆಯೇ ಕೂತಿದ್ದೆವು, ಒದ್ದೆ ಬಟ್ಟೆಯಲ್ಲಿ.

ಮಂಗಳವಾರ ಹೋಯ್ ಆನ್ ನೋಡಬೇಕಿತ್ತು. 1999ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಹಳೇ ಬಂದರು ಊರು, ಮೂವತ್ತು ಕಿಲೋಮೀಟರ್. ದೀಪದ ಬುಟ್ಟಿಗಳು, ದೋಣಿ, ನಮ್ಮ ಹರಿಗೋಲಿನ ಥರದ್ದೇ ಬಿದಿರಿನ ತೆಪ್ಪ, ಎಲ್ಲ ಪ್ಯಾಕೇಜ್‌ನಲ್ಲಿತ್ತು. ತೂ ಬೋನ್ ನದಿ ಉಕ್ಕಿ ಬೀದಿಗೆ ಬಂದಿತ್ತು. ದಾರಿಯಿಂದಲೇ ವಾಪಸ್.

ಬುಧವಾರ ಹೋಟೆಲ್ ಬಿಟ್ಟು ಹೊರಗೆ ಹೋಗಲಿಲ್ಲ. ಮಾರ್ಬಲ್ ಬೆಟ್ಟದ ಮೆಟ್ಟಿಲು ಜಾರುತ್ತದೆ ಅಂತ ಡ್ರೈವರೇ ಬೇಡ ಅಂದರು. ರಾತ್ರಿ ಸಂಗೀತ, ಬೀಚ್ ಪಕ್ಕದ ಬಾರು ಅಂತ ಆಸೆಪಟ್ಟಿದ್ದ ಗಂಡಸರು ಹೋಟೆಲ್ ಲಾಬಿಯಲ್ಲಿ ಕೂತು ಚಟ್ನಿಪುಡಿ ಚಪಾತಿ ತಿಂದರು.

ನಾದಿನಿಯ ಗಂಡನ ವಿಷಯ ಹೇಳಲೇಬೇಕು. ತೋಟದ ಮನೆ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇಟ್ಟಿದ್ದಾರೆ. ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕ ಪುಸ್ತಕದಲ್ಲಿ ಬರೆಯುತ್ತಾರೆ. ಹತ್ತು ವರ್ಷದ ಹಿಂದಿನ ಜೂನ್ 14ಕ್ಕೆ ಎಷ್ಟು ಬಿತ್ತು ಅಂತ ಕೇಳಿದರೂ ಹೇಳುವ ಮನುಷ್ಯ. ಬುಧವಾರ ಹೋಟೆಲ್ ಬಾಲ್ಕನಿಯಲ್ಲಿ ಹಲ್ಲುಜ್ಜುವ ಗ್ಲಾಸ್ ಇಟ್ಟು, ಸಂಜೆ ಬೆರಳಲ್ಲಿ ಅಳೆದು, "ಆರು ಇಂಚಿಗೆ ಕಮ್ಮಿ ಇಲ್ಲ ಅತ್ತಿಗೆ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊರಡುವ ಮುಂಚೆ ನಾನು ಒಂದು ಸಲ ನೋಡಬೇಕಿತ್ತು" ಅಂದರು.

ಅವರೇ ಫೋನ್ ತೆಗೆದು ಕೂತು ನಮಗೆಲ್ಲ ಬಿಡಿಸಿ ಹೇಳಿದರು. ಜೂನ್‌ನಲ್ಲಿ ನೈಋತ್ಯದ ಗಾಳಿ ಅರಬ್ಬೀ ಸಮುದ್ರದ ನೀರು ಹೊತ್ತು ಬಂದು ನಮ್ಮ ಬಿಸಿಲೆ ಘಾಟಿಗೆ ಹೊಡೆಯುತ್ತದೆ. ಅದಕ್ಕೇ ಸಕಲೇಶಪುರ ಮುಳುಗುವಾಗ ಅರಸೀಕೆರೆ ಒಣಗಿರುತ್ತದೆ. ಡಾ ನಾಂಗ್‌ನಲ್ಲಿ ಸಮುದ್ರ ಇರುವುದು ಪೂರ್ವಕ್ಕೆ, ಬೆನ್ನ ಹಿಂದೆ ತ್ರುಓಂಗ್ ಸೋನ್ ಬೆಟ್ಟಸಾಲು. ಈಶಾನ್ಯದ ಗಾಳಿ ಅಕ್ಟೋಬರ್‌ನಲ್ಲಿ ಆ ಬೆಟ್ಟಕ್ಕೆ ಹೊಡೆಯುತ್ತದೆ. ನಮಗೆ ಜೂನ್, ಜುಲೈ ಹೇಗೋ ಅವರಿಗೆ ಅಕ್ಟೋಬರ್, ನವೆಂಬರ್ ಹಾಗೆ. ಅಕ್ಟೋಬರ್ ತಿಂಗಳೊಂದರಲ್ಲೇ ಅಲ್ಲಿ ಮಳೆ ಸರಾಸರಿ 600 ಮಿ.ಮೀ. ದಾಟುತ್ತದೆ. ಅರಸೀಕೆರೆಗೆ ಇಡೀ ವರ್ಷಕ್ಕೆ ಬೀಳುವುದೇ ಹೆಚ್ಚುಕಮ್ಮಿ ಅಷ್ಟು. ಚಂಡಮಾರುತಗಳು ಬರುವುದೂ ಈ ಕಾಲದಲ್ಲೇ.

ಅಂದರೆ ಜುಲೈನಲ್ಲಿ ಯಾರಾದರೂ ವಿಯೆಟ್ನಾಂನವರಿಗೆ "ಬನ್ನಿ, ಸಕಲೇಶಪುರದಲ್ಲಿ ಈಗ ಸೀಸನ್" ಅಂತ ಟಿಕೆಟ್ ಮಾರಿದ ಹಾಗಾಯಿತು ನಮ್ಮ ಕಥೆ.

ವಾಪಸ್ ಬಂದು ಯಜಮಾನರು ಏಜೆಂಟ್ ಹತ್ತಿರ ಹೋದರು. ಹೋಯ್ ಆನ್‌ಗೆ ಕಾಲೇ ಇಡಲಿಲ್ಲ, ಅದರ ದುಡ್ಡಾದರೂ ಕೊಡಿ ಅಂದರು. ಅವರು ವೋಚರ್ ಹಿಂಭಾಗ ತೋರಿಸಿದರು. ಹವಾಮಾನದಿಂದ ರದ್ದಾದರೆ ಹಣ ವಾಪಸ್ ಇಲ್ಲ ಅಂತ ಇರುವೆ ಸಾಲಿನ ಹಾಗೆ ಅಚ್ಚಾಗಿತ್ತು.

"ಸಾರ್, ಮಳೆ ನಾನು ತರಿಸಿದ್ನಾ?" ಅಂದರಂತೆ.

ಮಳೆ ಅವರು ತರಿಸಲಿಲ್ಲ, ನಿಜ. ಮಳೆ ಇಲ್ಲ ಅಂತ ಹೇಳಿದ್ದು ಅವರೇ. ಆದರೆ ಅದು ಬಾಯಿಮಾತು, ಬರಹದಲ್ಲಿ ಎಲ್ಲೂ ಇಲ್ಲ. ಇನ್ಶೂರೆನ್ಸ್ ಕಾಗದ ತೆಗೆದು ನೋಡಿದರೆ ಆಸ್ಪತ್ರೆ ಖರ್ಚು, ಕಳೆದ ಲಗೇಜ್ ಅಷ್ಟೇ. ಆ ಹೊತ್ತಿಗೆ ವೀಸಾದ ಲೆಕ್ಕವೂ ಹೊರಬಿತ್ತು. ಒಂದೇ ಸಲ ಒಳಹೋಗುವ ಇ-ವೀಸಾಗೆ ವಿಯೆಟ್ನಾಂ ಸರ್ಕಾರದ ಶುಲ್ಕ 25 ಡಾಲರ್. ನಮ್ಮಿಂದ ತೆಗೆದುಕೊಂಡದ್ದು ತಲೆಗೆ 4,500 ರೂಪಾಯಿ. ಸರ್ಕಾರದ ತಾಣದಲ್ಲೇ ನೀವೇ ತುಂಬಬಹುದು, ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಲಿ, ಅಷ್ಟೇ.

ಏಜೆಂಟ್ ಹೆಸರು ಕೇಳಿ ಫೋನ್ ಮಾಡಬೇಡಿ, ಹೇಳುವುದಿಲ್ಲ. ಇದೇ ಮಾತು ಹೇಳಿ ಮಾರುವವರು ಅವರೊಬ್ಬರೇ ಅಲ್ಲ. ವಿಶಾಖಪಟ್ಟಣವೂ ಹೀಗೇ, ಬೀಚು, ಬೆಟ್ಟ ಎರಡೂ ಇದೆ ಅಂತ ದೀಪಾವಳಿಗೆ ಮಾರುತ್ತಾರೆ. 2014ರಲ್ಲಿ ಹುದ್‌ಹುದ್ ಚಂಡಮಾರುತ ಆ ಊರಿಗೆ ಅಪ್ಪಳಿಸಿದ್ದು ಅಕ್ಟೋಬರ್ 12ಕ್ಕೆ.

ಡಾ ನಾಂಗ್‌ಗೆ ಹೋಗುವುದಾದರೆ ಫೆಬ್ರವರಿ ಕೊನೆಯಿಂದ ಮೇ ಒಳಗೆ ಹೋಗಿ. ಕೊಯ್ಲು ಮುಗಿದಿರುತ್ತದೆ, ಮಕ್ಕಳ ಪರೀಕ್ಷೆಯೂ ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಈಗಾಗಲೇ ಅಕ್ಟೋಬರ್‌ಗೆ ಮುಂಗಡ ಕೊಟ್ಟವರು ಇವತ್ತೇ ಏಜೆಂಟ್‌ಗೆ ವಾಟ್ಸಾಪ್ ಮಾಡಿ ತಾರೀಖು ಬದಲಾಯಿಸಲು ಕೇಳಿ. ಫೋನ್‌ನಲ್ಲಿ ಬೇಡ, ಬರಹದಲ್ಲೇ ಕೇಳಿ. ವೀಸಾಗೆ ಅರ್ಜಿ ಹಾಕುವ ಮುಂಚೆಯೇ ಕೇಳಿ. ಇ-ವೀಸಾ ಮೇಲೆ ತಾರೀಖು ಬಿದ್ದ ಮೇಲೆ ಪ್ರವಾಸ ಮಾರ್ಚ್‌ಗೆ ಹೋದರೆ ಅದಕ್ಕೆ ಮತ್ತೆ ದುಡ್ಡು ಕಟ್ಟಬೇಕು.