ಮನವಿ ಸಂಸದರಿಗೋ, ಯುರೋಪಿಗೋ?

2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನ ಕಾಫಿ ಬೇಡ ಎನ್ನುತ್ತದೆ ಯುರೋಪಿಯನ್ ಒಕ್ಕೂಟದ ನಿಯಮ. ಕೊಡಗಿನ ಸಿದ್ದಾಪುರದ ತೋಟದಲ್ಲಿ, ಜಮೀನು ಎಲ್ಲಿದೆಯೆಂದು ತೋರಿಸಲು ಸಿಲ್ವರ್ ಓಕ್ ನೆರಳಿನಡಿ ಮೊಬೈಲ್ ಎತ್ತಿ ಹಿಡಿದು ಜಿಪಿಎಸ್ ಬಿಂದು ಹುಡುಕುತ್ತಿದ್ದಾಗ ಎದ್ದ ಪ್ರಶ್ನೆ: ಈ ನಿಯಮದ ಬಗ್ಗೆ ಅಹವಾಲು ಯಾರಿಗೆ ಬರೆಯುವುದು?

ಉಗಾಂಡಾದ ಬೆಳೆಗಾರನಿಗೆ ಒಂದು ವೇದಿಕೆಯಾದರೂ ಇದೆ. ಆಫ್ರಿಕಾ, ಕೆರಿಬಿಯನ್, ಪೆಸಿಫಿಕ್ ದೇಶಗಳ ಸಂಸದರು ಯುರೋಪಿನ ಸಂಸದರೊಂದಿಗೆ ಕೂರುವ ಜಂಟಿ ಸಂಸದೀಯ ಸಭೆ ಅದು. ಈ ದೇಶಗಳಿಗೂ ಯುರೋಪಿಗೂ ಆದ 2023ರ ಸಮೋವಾ ಒಪ್ಪಂದ ಮೂರು ಪ್ರಾದೇಶಿಕ ಸಭೆಗಳನ್ನೂ ಸೇರಿಸಿತು. ಭಾರತ ಅದರಲ್ಲಿಲ್ಲ. ಯುರೋಪಿನ ಸಂಸತ್ತಿನಲ್ಲಿ ಭಾರತಕ್ಕೆಂದು ನಿಯೋಗವಿದೆ ನಿಜ, ಆದರೆ ಅರ್ಜಿಯ ಹಕ್ಕು ಅಲ್ಲಿನ ಪ್ರಜೆಗಳಿಗೆ, ನಿವಾಸಿಗಳಿಗೆ. ನಮ್ಮದು ಬರೀ ಕಾಗದ.

ನಾನಾದರೆ ಮೈಸೂರು-ಕೊಡಗು ಸಂಸದರ ಮೆಟ್ಟಿಲನ್ನೇ ಹತ್ತುತ್ತೇನೆ. ಲೋಕಸಭೆಯಲ್ಲಿ ಪ್ರಶ್ನೆ ಅಂಗೀಕಾರವಾದರೆ ವಾಣಿಜ್ಯ ಸಚಿವಾಲಯದ ಉತ್ತರ ದಾಖಲೆಗೆ ಸೇರುತ್ತದೆ. ಯುರೋಪಿಗೆ ಒಂದು ಪ್ರತಿ ಕಳುಹಿಸಿ, ಅಂಚೆ ಖರ್ಚಷ್ಟೇ.